ಪಾಟ್ರಿಕ್ ರುವಾ ವರ್ಗಾವಣೆ ಪ್ರಕರಣ (1995)

ಪಾಟ್ರಿಕ್ ರುವಾ ವರ್ಗಾವಣೆ ಪ್ರಕರಣವು ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನ (ಎನ್‌ಎಚ್‌ಎಲ್) ಇತಿಹಾಸದಲ್ಲಿ ಬಹಳ ಚರ್ಚೆಗೊಳಗಾದ ಘಟನೆಗಳಲ್ಲಿ ಒಂದು. ಮಾಂಟ್ರಿಯಲ್ ಕನೇಡಿಯನ್ಸ್ ತಂಡದ ಗೋಲ್‌ಕೀಪರ್ ಪಾಟ್ರಿಕ್ ರುವಾ ಅವರು 1995ರ ಡಿಸೆಂಬರ್ 2ರಂದು, ಪಂದ್ಯವಿನ್ನೂ ನಡೆಯುತ್ತಿರುವಾಗಲೇ, ಮಾಂಟ್ರಿಯಲ್‌ನಲ್ಲಿ ಇದೇ ತಮ್ಮ ಕೊನೆಯ ಪಂದ್ಯವೆಂದು ಸಂಸ್ಥೆಯ ಅಧ್ಯಕ್ಷರಿಗೆ ತಿಳಿಸಿದರು. ನಾಲ್ಕು ದಿನಗಳ ಬಳಿಕ, ಡಿಸೆಂಬರ್ 6ರಂದು, ಅವರನ್ನು ಕೊಲರಾಡೊ ಅವಲಾಂಚ್ ತಂಡಕ್ಕೆ ವರ್ಗಾಯಿಸಲಾಯಿತು.

ಇಲ್ಲಿ ಹಾಕಿ ಎಂದರೆ ಐಸ್ ಹಾಕಿ. ನಮ್ಮ ಕೊಡಗಿನ ಮೈದಾನಗಳಲ್ಲಿ ಆಡುವ ಹಾಕಿಯಲ್ಲ. ಚೆಂಡಿನ ಬದಲು 'ಪಕ್' ಎಂಬ ಗಟ್ಟಿ ರಬ್ಬರ್ ಬಿಲ್ಲೆಯನ್ನು ಮಂಜುಗಡ್ಡೆಯ ಅಂಕಣದ ಮೇಲೆ ಆಡಿಸುತ್ತಾರೆ. ರುವಾ ಎಂಬ ಕುಲನಾಮವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನೋಡಿದವರು 'ರಾಯ್' ಎಂದು ಓದುವುದುಂಟು. ಫ್ರೆಂಚ್ ಉಚ್ಚಾರಣೆ 'ರುವಾ'. ಆ ಭಾಷೆಯಲ್ಲಿ ರಾಜ ಎಂಬರ್ಥದ ಪದದ ಉಚ್ಚಾರಣೆಯೂ ಇದೇ.

ವರ್ಗಾವಣೆಯ ಸ್ವರೂಪ

ನಮ್ಮಲ್ಲಿ ಸರ್ಕಾರಿ ನೌಕರನು ವರ್ಗಾವಣೆಗೆ ಅರ್ಜಿ ಸಲ್ಲಿಸುವಾಗ ತನಗೆ ಬೇಕಾದ ಊರನ್ನು ನಮೂದಿಸುತ್ತಾನೆ. ಎನ್‌ಎಚ್‌ಎಲ್‌ನ ರೀತಿ ಬೇರೆ. ಒಪ್ಪಂದದ ಅವಧಿಯಲ್ಲಿ ಆಟಗಾರನ ಸೇವೆಯ ಹಕ್ಕು ತಂಡದ ಸ್ವತ್ತು. ಆತ ಬೇರೆಡೆಗೆ ಕಳುಹಿಸಿರೆಂದು ಕೇಳಬಹುದು. ಎಲ್ಲಿಗೆ, ಯಾವಾಗ, ಯಾರಿಗೆ ಪ್ರತಿಯಾಗಿ ಎಂಬುದನ್ನು ಸಾಮಾನ್ಯವಾಗಿ ತಂಡವೇ ತೀರ್ಮಾನಿಸುತ್ತದೆ. ವರ್ಗಾವಣೆಯನ್ನು ತಡೆಯುವ ಷರತ್ತು ಕೆಲವರ ಒಪ್ಪಂದಗಳಲ್ಲಿ ಮಾತ್ರ ಇರುತ್ತದೆ. ಆಟಗಾರನ ಕೋರಿಕೆ ಬಹಿರಂಗವಾದೊಡನೆ ತಂಡದ ಚೌಕಾಸಿಯ ಬಲ ಕುಗ್ಗುವುದೂ ಸಹಜ. ಮಾರಲೇಬೇಕಾದವನಿಗೆ ಒಳ್ಳೆಯ ಬೆಲೆ ಸಿಗುವುದಿಲ್ಲವೆಂಬುದು ಸಂತೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು.

ಹಿನ್ನೆಲೆ

1965ರಲ್ಲಿ ಕ್ವಿಬೆಕ್ ನಗರದಲ್ಲಿ ಜನಿಸಿದ ರುವಾ ಅವರನ್ನು ಮಾಂಟ್ರಿಯಲ್ ತಂಡವು 1984ರ ಆಯ್ಕೆಯಲ್ಲಿ 51ನೆಯವರಾಗಿ ತೆಗೆದುಕೊಂಡಿತು. 1986ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಅವರು ತಂಡಕ್ಕೆ ಸ್ಟಾನ್ಲಿ ಕಪ್ ಗೆದ್ದುಕೊಡಲು ಮುಖ್ಯ ಕಾರಣರಾದರು ಮತ್ತು ಪ್ಲೇಆಫ್ ಹಂತದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಕಾನ್ ಸ್ಮೈತ್ ಟ್ರೋಫಿಯನ್ನು ಪಡೆದ ಅತ್ಯಂತ ಕಿರಿಯರೆನಿಸಿದರು. 1993ರ ಪ್ಲೇಆಫ್‌ನಲ್ಲಿ ಹೆಚ್ಚುವರಿ ಅವಧಿಗೆ ಹೋದ ಮೊದಲ ಪಂದ್ಯವನ್ನು ಸೋತ ಮಾಂಟ್ರಿಯಲ್, ನಂತರ ಅಂಥ ಹತ್ತು ಪಂದ್ಯಗಳನ್ನು ಸತತವಾಗಿ ಗೆದ್ದು ತನ್ನ 24ನೆಯ ಸ್ಟಾನ್ಲಿ ಕಪ್ ಎತ್ತಿತು. ರುವಾ ಅವರಿಗೆ ಕಾನ್ ಸ್ಮೈತ್ ಟ್ರೋಫಿ ಎರಡನೆಯ ಬಾರಿ ದೊರೆಯಿತು. ಅಭಿಮಾನಿಗಳು ಅವರನ್ನು 'ಸಂತ ಪಾಟ್ರಿಕ್' ಎಂದು ಕರೆಯುತ್ತಿದ್ದರು.

ಮಾಂಟ್ರಿಯಲ್‌ನ ಫ್ರೆಂಚ್ ಭಾಷಿಕರಿಗೆ ಈ ತಂಡ ಬರಿಯ ಆಟದ ವಿಷಯವಲ್ಲ. 1955ರ ಮಾರ್ಚ್ 17ರಂದು, ತಮ್ಮ ನೆಚ್ಚಿನ ಮೋರಿಸ್ ರಿಷಾರ್ ಅವರನ್ನು ಲೀಗ್ ಅಮಾನತುಗೊಳಿಸಿದ್ದಕ್ಕೆ ನಗರದಲ್ಲಿ ದೊಂಬಿಯೇ ಎದ್ದಿತ್ತು. ಅಂಥ ಊರಿನಲ್ಲಿ ತಮ್ಮ ಭಾಷೆಯವನೇ ಆದ ಗೋಲ್‌ಕೀಪರ್ ಹೊರಟುನಿಂತರೆ ಏನಾದೀತೆಂಬುದನ್ನು ಊಹಿಸಬಹುದು.

1994–95ರಲ್ಲಿ ತಂಡವು ಪ್ಲೇಆಫ್ ಹಂತ ತಲುಪಲಿಲ್ಲ. ಮುಂದಿನ ಋತು ಸತತ ಸೋಲುಗಳಿಂದ ಆರಂಭವಾದಾಗ ಅಧ್ಯಕ್ಷ ರೊನಾಲ್ಡ್ ಕೋರಿ ಅವರು 1995ರ ಅಕ್ಟೋಬರ್‌ನಲ್ಲಿ ವ್ಯವಸ್ಥಾಪಕ ಸರ್ಜ್ ಸವಾರ್ ಮತ್ತು ತರಬೇತುದಾರ ಜಾಕ್ ಡೆಮರ್ಸ್ ಇಬ್ಬರನ್ನೂ ತೆಗೆದುಹಾಕಿದರು. ಅವರ ಸ್ಥಾನಕ್ಕೆ ಹಳೆಯ ಆಟಗಾರರಾದ ರೆಜಾನ್ ಹೂಲ್ ಹಾಗೂ ಮಾರಿಯೋ ತ್ರೆಂಬ್ಲೆ ಬಂದರು. ಹೂಲ್ ಅವರಿಗೆ ತಂಡದ ಆಡಳಿತದ ಅನುಭವವಾಗಲಿ, ತ್ರೆಂಬ್ಲೆ ಅವರಿಗೆ ಎನ್‌ಎಚ್‌ಎಲ್‌ನಲ್ಲಿ ತರಬೇತಿ ನೀಡಿದ ಅನುಭವವಾಗಲಿ ಇರಲಿಲ್ಲ. ತ್ರೆಂಬ್ಲೆ ಮತ್ತು ರುವಾ 1985–86ರಲ್ಲಿ ಒಂದೇ ತಂಡದಲ್ಲಿ ಆಡಿದವರು. ಜೊತೆಯಲ್ಲಿ ಆಡಿದವನೇ ಮೇಲಧಿಕಾರಿಯಾಗಿ ಬಂದಾಗ ಹುಟ್ಟುವ ಇರುಸುಮುರುಸು ಇಲ್ಲಿಯೂ ಹುಟ್ಟಿತು.

ಡಿಸೆಂಬರ್ 2ರ ಪಂದ್ಯ

ಅಂದು ಮಾಂಟ್ರಿಯಲ್ ಫೋರಂ ಕ್ರೀಡಾಂಗಣಕ್ಕೆ ಬಂದ ಎದುರಾಳಿ ಡೆಟ್ರಾಯ್ಟ್ ರೆಡ್ ವಿಂಗ್ಸ್. ಆ ಋತುವಿನಲ್ಲಿ 62 ಪಂದ್ಯಗಳನ್ನು ಗೆದ್ದು ಅಂದಿನ ದಾಖಲೆ ನಿರ್ಮಿಸಿದ ತಂಡವದು. ಅದರ ತರಬೇತುದಾರರಾಗಿದ್ದ ಸ್ಕಾಟಿ ಬೌಮನ್, 1970ರ ದಶಕದಲ್ಲಿ ಇದೇ ಮಾಂಟ್ರಿಯಲ್‌ಗೆ ಐದು ಕಪ್‌ಗಳನ್ನು ಗೆಲ್ಲಿಸಿಕೊಟ್ಟವರು.

ಗೋಲುಗಳು ಒಂದರ ಹಿಂದೊಂದು ಬಿದ್ದವು. ಇಂಥ ಸಂದರ್ಭದಲ್ಲಿ ಗೋಲ್‌ಕೀಪರನನ್ನು ಬೇಗನೆ ಹಿಂದಕ್ಕೆ ಕರೆಸಿಕೊಂಡು ಮುಜುಗರ ತಪ್ಪಿಸುವುದು ವಾಡಿಕೆ. ತ್ರೆಂಬ್ಲೆ ಕರೆಸಲಿಲ್ಲ. ನಡುವೆ ರುವಾ ಒಂದು ಸುಲಭದ ಹೊಡೆತವನ್ನು ತಡೆದಾಗ ಪ್ರೇಕ್ಷಕರು ಅಣಕದ ಚಪ್ಪಾಳೆ ತಟ್ಟಿದರು. ರುವಾ ಎರಡೂ ತೋಳುಗಳನ್ನು ಮೇಲೆತ್ತಿ ಆ ಅಣಕಕ್ಕೆ ಅಣಕದಿಂದಲೇ ಉತ್ತರಿಸಿದರು. ಎರಡನೆಯ ಅವಧಿಯಲ್ಲಿ, 26 ಹೊಡೆತಗಳಲ್ಲಿ ಒಂಬತ್ತು ಗೋಲುಗಳಾದ ಮೇಲಷ್ಟೇ ಅವರನ್ನು ಬದಲಾಯಿಸಲಾಯಿತು.

ಬೆಂಚಿಗೆ ಮರಳಿದ ರುವಾ ತ್ರೆಂಬ್ಲೆ ಅವರನ್ನು ದಿಟ್ಟಿಸಿ ಮುಂದೆ ಸಾಗಿದರು. ಮತ್ತೆ ಹಿಂದಿರುಗಿ, ಬೆಂಚಿನ ಹಿಂದೆಯೇ ಕುಳಿತಿದ್ದ ಕೋರಿ ಅವರ ಕಡೆಗೆ ಬಾಗಿ ತಮ್ಮ ನಿರ್ಧಾರವನ್ನು ತಿಳಿಸಿದರು. ಪತ್ರವಿಲ್ಲ, ಮಧ್ಯವರ್ತಿಯಿಲ್ಲ, ನಡೆದದ್ದೆಲ್ಲ ದೂರದರ್ಶನದ ಕ್ಯಾಮೆರಾಗಳ ಎದುರು. ಹತ್ತು ವರ್ಷಗಳ ಸಂಬಂಧ ಕೆಲವೇ ಕ್ಷಣಗಳಲ್ಲಿ ಕಡಿದುಹೋಯಿತು. ಪಂದ್ಯ 11–1ರ ಸೋಲಿನಲ್ಲಿ ಮುಗಿಯಿತು.

ವರ್ಗಾವಣೆ

ತಂಡವು ರುವಾ ಅವರನ್ನು ಅಮಾನತಿನಲ್ಲಿಟ್ಟು, ರಾಜಿಗೆ ಯತ್ನಿಸುವ ಬದಲು ಕೊಳ್ಳುವವರನ್ನು ಹುಡುಕಿತು. ರುವಾ ಮತ್ತು ನಾಯಕ ಮೈಕ್ ಕೀನ್ ಕೊಲರಾಡೊಗೆ ಹೋದರು. ಪ್ರತಿಯಾಗಿ ಗೋಲ್‌ಕೀಪರ್ ಜೋಸೆಲಿನ್ ತಿಬೋ, ಮಾರ್ಟಿನ್ ರುಚಿನ್ಸ್ಕಿ ಮತ್ತು ಆಂದ್ರೇ ಕೊವಾಲೆಂಕೊ ಮಾಂಟ್ರಿಯಲ್‌ಗೆ ಬಂದರು. ಕೊಲರಾಡೊದ ವ್ಯವಸ್ಥಾಪಕ ಪಿಯೇರ್ ಲಕ್ರುವಾ ಹಿಂದೆ ರುವಾ ಅವರ ಪ್ರತಿನಿಧಿಯಾಗಿದ್ದವರು. ಸರಕಿನ ಬೆಲೆ ಅವರಿಗೆ ಚೆನ್ನಾಗಿ ತಿಳಿದಿತ್ತು.

ಕೊಲರಾಡೊ ತಂಡವು ಆ ವರ್ಷದ ಬೇಸಿಗೆಯವರೆಗೆ ಕ್ವಿಬೆಕ್ ನಾರ್ಡಿಕ್ಸ್ ಎಂಬ ಹೆಸರಿನಲ್ಲಿ ರುವಾ ಅವರ ಹುಟ್ಟೂರಿನಲ್ಲೇ ಇತ್ತು, ಮತ್ತು ಮಾಂಟ್ರಿಯಲ್‌ನ ಬದ್ಧ ಎದುರಾಳಿಯಾಗಿತ್ತು. ಅದು ಇನ್ನೂ ಕ್ವಿಬೆಕ್‌ನಲ್ಲಿಯೇ ಇದ್ದಿದ್ದರೆ ಮಾಂಟ್ರಿಯಲ್ ಈ ವ್ಯವಹಾರಕ್ಕೆ ಒಪ್ಪುತ್ತಿರಲಿಲ್ಲವೆಂಬುದು ಸಾಮಾನ್ಯ ಅಭಿಪ್ರಾಯ. ತಂಡವನ್ನೇ ಕಳೆದುಕೊಂಡ ಕ್ವಿಬೆಕ್ ನಗರದ ಜನ, 1996ರ ಜೂನ್‌ನಲ್ಲಿ ಅದೇ ತಂಡ ತಮ್ಮೂರಿನ ಮಗನನ್ನು ಗೋಲಿನಲ್ಲಿ ನಿಲ್ಲಿಸಿಕೊಂಡು ಕಪ್ ಗೆಲ್ಲುವುದನ್ನು ದೂರದಿಂದ ನೋಡಬೇಕಾಯಿತು. ಫ್ಲೋರಿಡಾ ವಿರುದ್ಧದ ಆ ಕೊನೆಯ ಪಂದ್ಯ ಮೂರನೆಯ ಹೆಚ್ಚುವರಿ ಅವಧಿಯಲ್ಲಿ 1–0ಯಿಂದ ಇತ್ಯರ್ಥವಾಯಿತು. ರುವಾ 63 ಹೊಡೆತಗಳನ್ನು ತಡೆದಿದ್ದರು.

ಅಭಿಮಾನಿಗಳ ದೃಷ್ಟಿ

ಮಾಂಟ್ರಿಯಲ್‌ನ ಅಭಿಮಾನಿಗಳು ಎರಡಾಗಿ ಒಡೆದರು. ಒಂದು ಪಕ್ಷದ ವಾದ: ಯಾವ ಆಟಗಾರನೂ ತಂಡಕ್ಕಿಂತ ದೊಡ್ಡವನಲ್ಲ, ಸೋಲುತ್ತಿರುವ ಪಂದ್ಯದ ನಡುವೆ ತಂಡವನ್ನು ತೊರೆಯುವುದು ದುರಹಂಕಾರ, ಪ್ರೇಕ್ಷಕರೆದುರು ತೋಳೆತ್ತಿದ್ದು ಅವಮಾನ. ಇನ್ನೊಂದು ಪಕ್ಷದ ಪ್ರಕಾರ ಎರಡು ಕಪ್‌ಗಳನ್ನು ತಂದುಕೊಟ್ಟವನನ್ನು ತರಬೇತುದಾರ ಬೇಕೆಂದೇ ನಗೆಪಾಟಲಿಗೆ ಗುರಿಮಾಡಿದ್ದರು. ಅಣಕದ ಚಪ್ಪಾಳೆ ತಟ್ಟಿದವರೂ ಅಭಿಮಾನಿಗಳೇ ಎಂಬ ಅಂಶ ಈ ವಾದವಿವಾದದಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಕಾಲ ಕಳೆದಂತೆ ತಕ್ಕಡಿ ರುವಾ ಅವರ ಕಡೆಗೆ ವಾಲಿತು. ಮಾಂಟ್ರಿಯಲ್ ತಂಡವು 1999ರಿಂದ 2001ರವರೆಗೆ ಸತತ ಮೂರು ವರ್ಷ ಪ್ಲೇಆಫ್ ಹಂತದಿಂದ ಹೊರಗುಳಿಯಿತು. ಇಪ್ಪತ್ತರ ಹರೆಯದಲ್ಲಿ ರುವಾ ಅವರ ಜಾಗ ತುಂಬುವ ಹೊರೆ ಹೊತ್ತ ತಿಬೋ 1998ರಲ್ಲಿ ಷಿಕಾಗೋಗೆ ಹೋದರು. ಆ ತರುಣನ ತಪ್ಪು ಇದರಲ್ಲಿ ಏನೂ ಇರಲಿಲ್ಲ. ಸಿಟ್ಟು ಕ್ರಮೇಣ ಆಡಳಿತದ ಮೇಲೆ ತಿರುಗಿತು.

ಇದೇ ಕೊಲರಾಡೊ ತಂಡಕ್ಕೆ ಸಂಬಂಧಿಸಿದ ಇನ್ನೆರಡು ಪ್ರಕರಣಗಳನ್ನು ಹೋಲಿಸಿ ನೋಡಬಹುದು. 1991ರಲ್ಲಿ ಕ್ವಿಬೆಕ್ ತಂಡವು ಮೊದಲನೆಯವರಾಗಿ ಆರಿಸಿದ ಎರಿಕ್ ಲಿಂಡ್ರೋಸ್ ಆ ತಂಡಕ್ಕೆ ಆಡಲು ಒಪ್ಪದೆ, ಮರುವರ್ಷ ಫಿಲಡೆಲ್ಫಿಯಾ ಸೇರಿದರು. ಅವರು ಎದುರಾಳಿಯಾಗಿ ಕ್ವಿಬೆಕ್‌ಗೆ ಬಂದಾಗ ಪ್ರೇಕ್ಷಕರು ಹಸುಳೆಗಳ ಬಾಯಿಗಿಡುವ ರಬ್ಬರ್ ಚೀಪುಗಳನ್ನು ಅಂಕಣಕ್ಕೆ ಎಸೆದು ಹೀಯಾಳಿಸಿದರು. ಲಿಂಡ್ರೋಸ್‌ಗೆ ಪ್ರತಿಯಾಗಿ ಸಿಕ್ಕ ಆಯ್ಕೆಯ ಹಕ್ಕುಗಳಲ್ಲಿ ಒಂದನ್ನು ಬಳಸಿ ಕ್ವಿಬೆಕ್ 1993ರಲ್ಲಿ ಪಡೆದ ಆಟಗಾರನೇ ಜೋಸೆಲಿನ್ ತಿಬೋ. ಹೀಗೆ ಒಬ್ಬನ ನಿರಾಕರಣೆಯ ಫಲವು ಇನ್ನೊಬ್ಬನ ನಿರ್ಗಮನಕ್ಕೆ ಬೆಲೆಯಾಗಿ ಸಂದಿತು. ಮತ್ತೊಂದು ಪ್ರಕರಣ ರೇ ಬೋರ್ಕ್ ಅವರದು. ಬಾಸ್ಟನ್ ತಂಡಕ್ಕೆ ಎರಡು ದಶಕ ಆಡಿಯೂ ಕಪ್ ಗೆಲ್ಲದ ಅವರು ತಾವಾಗಿಯೇ ವರ್ಗಾವಣೆ ಕೇಳಿ 2000ದ ಮಾರ್ಚ್‌ನಲ್ಲಿ ಕೊಲರಾಡೊ ಸೇರಿದರು. ಮರುವರ್ಷ ಕಪ್ ಗೆದ್ದು ಅದನ್ನು ಬಾಸ್ಟನ್‌ಗೆ ತಂದಾಗ, ಆ ಊರಿನ ಸಾವಿರಾರು ಜನ ಬೇರೆ ತಂಡದ ಗೆಲುವನ್ನು ತಮ್ಮದೆಂಬಂತೆ ಸಂಭ್ರಮಿಸಿದರು. ಋಣ ತೀರಿಸಿ ಹೋದವನನ್ನು ಜನ ಹರಸುತ್ತಾರೆ, ತಮ್ಮೂರಿಗೆ ಕಾಲಿಡಲೂ ಒಲ್ಲೆನೆಂದವನನ್ನು ಕ್ಷಮಿಸುವುದಿಲ್ಲ. ರುವಾ ಇವೆರಡಕ್ಕೂ ಸೇರದವರಾದ್ದರಿಂದಲೇ ಅವರ ವಿಷಯದಲ್ಲಿ ತೀರ್ಪು ತಡವಾಯಿತು ಎನ್ನಬಹುದು.

ನಂತರದ ದಿನಗಳು

1996ರ ಫೆಬ್ರವರಿ 5ರಂದು ಡೆನ್ವರ್‌ನಲ್ಲಿ ಕೊಲರಾಡೊ ತಂಡವು ಮಾಂಟ್ರಿಯಲ್ ಅನ್ನು 4–2ರಿಂದ ಸೋಲಿಸಿದಾಗ, ರುವಾ ಪಕ್ ಅನ್ನು ತ್ರೆಂಬ್ಲೆ ಅವರತ್ತ ಎಸೆದು ತಮ್ಮ ಸಿಟ್ಟು ಆರಿಲ್ಲವೆಂದು ತೋರಿಸಿದರು. ಅದೇ ವರ್ಷದ ಮಾರ್ಚ್‌ನಲ್ಲಿ ಫೋರಂ ಕ್ರೀಡಾಂಗಣ ಶಾಶ್ವತವಾಗಿ ಮುಚ್ಚಿತು. ತ್ರೆಂಬ್ಲೆ 1997ರಲ್ಲಿ ಹುದ್ದೆ ತೊರೆದರು. ರುವಾ 2001ರಲ್ಲಿ ನಾಲ್ಕನೆಯ ಸ್ಟಾನ್ಲಿ ಕಪ್ ಹಾಗೂ ಮೂರನೆಯ ಕಾನ್ ಸ್ಮೈತ್ ಟ್ರೋಫಿ ಗಳಿಸಿ, 551 ಗೆಲುವುಗಳ ಅಂದಿನ ದಾಖಲೆಯೊಂದಿಗೆ 2003ರಲ್ಲಿ ನಿವೃತ್ತರಾದರು.

2008ರ ನವೆಂಬರ್ 22ರಂದು ಮಾಂಟ್ರಿಯಲ್ ತಂಡವು ರುವಾ ಅವರ 33ನೆಯ ಸಂಖ್ಯೆಯನ್ನು ಮುಂದೆ ಯಾರಿಗೂ ಕೊಡದಂತೆ ಗೌರವಪೂರ್ವಕವಾಗಿ ಕಾದಿರಿಸಿತು. ಆ ಸಂಜೆ ಬೆಲ್ ಸೆಂಟರ್‌ನ ಪ್ರೇಕ್ಷಕರು ಎದ್ದುನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಈ ಬಾರಿ ಅದರಲ್ಲಿ ಅಣಕವಿರಲಿಲ್ಲ. ತಾನು ಮನೆಗೆ ಮರಳಿದ್ದೇನೆಂದು ರುವಾ ತಮ್ಮ ಭಾಷಣದಲ್ಲಿ ಹೇಳಿದರು.