ಮಿದುಳಿನ ಗೋಡೆ ದಾಟಿದ ಕ್ಯಾಪ್ಸೂಲ್

ಕೀಮೋ ಅಂದ ಕೂಡಲೇ ನಮಗೆ ನೆನಪಾಗುವುದು ಆಸ್ಪತ್ರೆಯ ಮಂಚ, ಕೈಗೆ ಚುಚ್ಚಿದ ಸೂಜಿ, ತಲೆಯ ಮೇಲೆ ನೇತಾಡುವ ಡ್ರಿಪ್ ಬಾಟಲಿ. ಆದರೆ ಮಿದುಳಿನ ಗೆಡ್ಡೆಗೆ ಕೊಡುವ ಒಂದು ಮುಖ್ಯ ಕೀಮೋ ಔಷಧ ಬಾಯಲ್ಲಿ ನುಂಗುವ ಕ್ಯಾಪ್ಸೂಲ್. ಡಾಕ್ಟರ ಚೀಟಿಯಲ್ಲಿ ಅದರ ಹೆಸರು ಟೆಮೊಝೊಲೊಮೈಡ್. ಬೆಂಗಳೂರಿನ ಕಿದ್ವಾಯಿಗೋ ನಿಮ್ಹಾನ್ಸ್‌ಗೋ ಹೋಗಿ ಬಂದವರ ಮನೆಯಲ್ಲಿ ಈ ಹೆಸರು ಕೇಳಿರಬಹುದು. ಈ ಕ್ಯಾಪ್ಸೂಲ್ ಎಲ್ಲಿ ಹುಟ್ಟಿತು, ಏನು ಮಾಡಬಲ್ಲದು, ಎಷ್ಟು ಮಾಡಬಲ್ಲದು? ನುಂಗುವವರಿಗೂ ಅವರ ಮನೆಯವರಿಗೂ ಇದು ತಿಳಿದಿರುವುದು ಒಳ್ಳೆಯದು.

ಮೊದಲು ಕಷ್ಟ ಏನಿತ್ತು ನೋಡೋಣ. 1885ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದರು. ಮೈಯೆಲ್ಲ ಬಣ್ಣ ಹತ್ತಿತು, ಮಿದುಳಿಗೆ ಮಾತ್ರ ಹತ್ತಲಿಲ್ಲ. ಮಿದುಳಿನ ರಕ್ತನಾಳಗಳ ಒಳಗೋಡೆ ಬಲು ಬಿಗಿ ಎಂಬುದು ಆಮೇಲೆ ತಿಳಿಯಿತು. ರಕ್ತದಲ್ಲಿರುವ ವಿಷ ಮಿದುಳಿಗೆ ಹೋಗದಂತೆ ತಡೆಯುವ ಕಾವಲು ಅದು. ಆದರೆ ಆ ಕಾವಲುಗಾರ ಔಷಧವನ್ನೂ ಒಳಗೆ ಬಿಡುವುದಿಲ್ಲ. ಹಾಗಾಗಿ ಬೇರೆ ಕಡೆಯ ಕ್ಯಾನ್ಸರ್‌ಗೆ ಕೆಲಸ ಮಾಡುವ ಎಷ್ಟೋ ಔಷಧಗಳು ಮಿದುಳಿನ ಗೆಡ್ಡೆಯ ಮುಂದೆ ಸೋತವು.

1970ರ ದಶಕದಲ್ಲಿ ಲೊಮುಸ್ಟಿನ್ ಎಂಬ ಔಷಧ ಬಂತು. ಅದೂ ನುಂಗುವ ಕ್ಯಾಪ್ಸೂಲೇ. ಕಾವಲು ದಾಟಿ ಮಿದುಳಿಗೆ ಹೋಗುತ್ತಿತ್ತು. ಆದರೆ ಮೂಳೆಯ ಮಜ್ಜೆಗೆ ಬಲವಾದ ಪೆಟ್ಟು ಕೊಡುತ್ತಿತ್ತು. ಮಜ್ಜೆ ಸೋತರೆ ರಕ್ತಕಣ ಕಡಿಮೆಯಾಗಿ ಸೋಂಕು, ರಕ್ತಸ್ರಾವ ಶುರುವಾಗುತ್ತದೆ. ಆ ಔಷಧ ಇವತ್ತಿಗೂ ಬಳಕೆಯಲ್ಲಿದೆ. ಅತಿ ಕೆಟ್ಟ ಗೆಡ್ಡೆಯಾದ ಗ್ಲಿಯೊಬ್ಲಾಸ್ಟೋಮಾಗೆ ಮಾತ್ರ ದೊಡ್ಡ ಪರಿಹಾರ ಸಿಕ್ಕಿರಲಿಲ್ಲ. ಆಪರೇಷನ್ ಮಾಡಿ ರೇಡಿಯೇಷನ್ ಕೊಡುತ್ತಿದ್ದರು. ಅದರ ಮುಂದೆ ದಾರಿ ಕಾಣುತ್ತಿರಲಿಲ್ಲ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ವಿಶ್ವವಿದ್ಯಾಲಯದಲ್ಲಿ ಮಾಲ್ಕಮ್ ಸ್ಟೀವನ್ಸ್ ಎಂಬ ರಸಾಯನಶಾಸ್ತ್ರದ ಮೇಷ್ಟ್ರಿದ್ದರು. ಸಾರಜನಕದ ಪರಮಾಣುಗಳು ಒಂದರ ಪಕ್ಕ ಒಂದು ಸರಪಳಿಯಂತೆ ಕೂತ ವಿಚಿತ್ರ ರಚನೆಗಳ ಮೇಲೆ ಅವರಿಗೆ ಕುತೂಹಲ. ಅವರೂ ಅವರ ವಿದ್ಯಾರ್ಥಿಗಳೂ ಅಂಥ ಹಲವು ರಾಸಾಯನಿಕಗಳನ್ನು ತಯಾರಿಸಿದರು. ಅದರಲ್ಲಿ ಒಂದು ಮೈಟೊಝೊಲೊಮೈಡ್. ಇಲಿಗಳ ಗೆಡ್ಡೆಯ ಮೇಲೆ ಅದು ಅದ್ಭುತವಾಗಿ ಕೆಲಸ ಮಾಡಿತು. 1980ರ ದಶಕದ ಮೊದಲಲ್ಲಿ ಮನುಷ್ಯರ ಮೇಲೆ ಪರೀಕ್ಷಿಸಿದಾಗ ರೋಗಿಗಳ ರಕ್ತದ ಪ್ಲೇಟ್‌ಲೆಟ್ ಕುಸಿದುಬಿದ್ದವು. ಆ ಔಷಧವನ್ನು ಕೈಬಿಟ್ಟರು.

ಸ್ಟೀವನ್ಸ್ ತಂಡ ಮಾತ್ರ ಕೈಚೆಲ್ಲಲಿಲ್ಲ. ಅದೇ ಅಣುವಿನ ಒಂದು ಬಾಲವನ್ನು ಕತ್ತರಿಸಿ, ಅಲ್ಲಿ ಪುಟ್ಟ ಮಿಥೈಲ್ ಗುಂಪನ್ನು ಕೂರಿಸಿದ ಇನ್ನೊಂದು ರೂಪ ಅವರ ಬಳಿ ಇತ್ತು. ಅದೇ ಟೆಮೊಝೊಲೊಮೈಡ್. ಇದರ ಗುಣ ಸ್ವಾರಸ್ಯವಾಗಿದೆ. ಹೊಟ್ಟೆಯ ಹುಳಿ ಆಮ್ಲದಲ್ಲಿ ಕೆಡದೆ ಉಳಿಯುತ್ತದೆ, ಹಾಗಾಗಿ ನುಂಗಬಹುದು. ತುಸು ಕ್ಷಾರವಾದ ರಕ್ತಕ್ಕೆ ಸೇರಿದ ಮೇಲೆ ತಾನಾಗಿಯೇ ಒಡೆಯಲು ಶುರುವಾಗುತ್ತದೆ. ಅಣು ಚಿಕ್ಕದಾದ್ದರಿಂದ ಒಡೆಯುವ ಮೊದಲೇ ಒಂದಿಷ್ಟು ಭಾಗ ಮಿದುಳಿನ ಕಾವಲು ದಾಟುತ್ತದೆ. ಅಲ್ಲಿ ಒಡೆದು ಗೆಡ್ಡೆಯ ಜೀವಕೋಶದ ಡಿಎನ್‌ಎಗೆ ಗುರುತು ಅಂಟಿಸುತ್ತದೆ. ಗುರುತು ಬಿದ್ದ ಕೋಶ ಎರಡಾಗಲು ಹೋದಾಗ ಎಡವಿ ಸಾಯುತ್ತದೆ.

1987ರಲ್ಲಿ ಲಂಡನ್ನಿನ ಚಾರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಡಾಕ್ಟರ್ ಎಡ್ವರ್ಡ್ ನ್ಯೂಲ್ಯಾಂಡ್ಸ್ ರೋಗಿಗಳಿಗೆ ಇದನ್ನು ಕೊಡಲು ಆರಂಭಿಸಿದರು. ಮೊದಲು ಇಡೀ ಡೋಸನ್ನು ಒಂದೇ ಸಲಕ್ಕೆ ಕೊಟ್ಟರು. ಗೆಡ್ಡೆ ಜಗ್ಗಲಿಲ್ಲ. ಆಮೇಲೆ ಡೋಸನ್ನು ಹಂಚಿ ಐದು ದಿನ ಕೊಟ್ಟರು. ಆಗ ಕೆಲವರ ಗೆಡ್ಡೆ ಕುಗ್ಗಿತು. ಹೊಲಕ್ಕೆ ಒಂದೇ ದಿನ ಕೆರೆ ಹರಿಸಿದರೆ ನೀರು ಹರಿದುಹೋಗುತ್ತದೆ, ದಿನವೂ ಇಷ್ಟಿಷ್ಟು ಬಿಟ್ಟರೆ ಬೇರಿಗೆ ಇಳಿಯುತ್ತದೆ. ಇವತ್ತಿಗೂ ಡಾಕ್ಟರು "ಐದು ದಿನ ನುಂಗಿ, ಉಳಿದ ಇಪ್ಪತ್ಮೂರು ದಿನ ಬಿಡಿ" ಎಂದು ಹೇಳುವುದರ ಬೇರು ಆ ಪರೀಕ್ಷೆಯಲ್ಲಿದೆ.

1999ರಲ್ಲಿ ಯುರೋಪಿನಲ್ಲೂ ಅಮೆರಿಕದಲ್ಲೂ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ಆ ಒಪ್ಪಿಗೆ ಮರುಕಳಿಸಿದ ಗೆಡ್ಡೆಗಳಿಗೆ ಮಾತ್ರ. ಹೊಸದಾಗಿ ಪತ್ತೆಯಾದ ಗ್ಲಿಯೊಬ್ಲಾಸ್ಟೋಮಾಗೆ ರೇಡಿಯೇಷನ್ ಜೊತೆಗೇ ಕೊಟ್ಟರೆ ಹೇಗೆ ಎಂದು ಸ್ವಿಟ್ಜರ್ಲೆಂಡಿನ ಡಾಕ್ಟರ್ ರೋಜರ್ ಸ್ಟುಪ್ ಮುಂದಾಳತ್ವದಲ್ಲಿ ಯುರೋಪ್ ಮತ್ತು ಕೆನಡಾದ ಆಸ್ಪತ್ರೆಗಳು 573 ರೋಗಿಗಳಲ್ಲಿ ಪರೀಕ್ಷಿಸಿದವು. 2005ರಲ್ಲಿ ಫಲಿತಾಂಶ ಬಂತು. ರೇಡಿಯೇಷನ್ ಮಾತ್ರ ಪಡೆದವರಲ್ಲಿ ಅರ್ಧದಷ್ಟು ಜನ ಬದುಕಿದ್ದು 12.1 ತಿಂಗಳ ತನಕ. ಕ್ಯಾಪ್ಸೂಲನ್ನೂ ಪಡೆದವರಲ್ಲಿ 14.6 ತಿಂಗಳ ತನಕ.

ಬರೀ ಎರಡೂವರೆ ತಿಂಗಳಾ ಅಂತ ನೀವು ಕೇಳಬಹುದು. ಇನ್ನೊಂದು ಲೆಕ್ಕವನ್ನೂ ನೋಡಿ. ಎರಡು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ ಹತ್ತು, ಎರಡನೇ ಗುಂಪಿನಲ್ಲಿ ನೂರಕ್ಕೆ ಇಪ್ಪತ್ತಾರು. ಐದು ವರ್ಷದ ಲೆಕ್ಕ 2009ರಲ್ಲಿ ಬಂದಾಗ ನೂರಕ್ಕೆ ಇಬ್ಬರು ಇದ್ದಲ್ಲಿ ಹತ್ತು ಮಂದಿ ಇದ್ದರು. ಗೆಡ್ಡೆಯನ್ನು ಬುಡಸಮೇತ ಕೀಳುವ ಔಷಧ ಇದಲ್ಲ ನಿಜ. ಆದರೆ ಕೆಲವರಿಗೆ ವರ್ಷಗಳನ್ನೇ ಕೊಟ್ಟಿದೆ.

ಆ ಕೆಲವರು ಯಾರು? ಅದೇ 2005ರಲ್ಲಿ ಒಂದು ಸುಳಿವು ಸಿಕ್ಕಿತು. ನಮ್ಮ ಜೀವಕೋಶದಲ್ಲಿ ಎಂಜಿಎಂಟಿ ಎಂಬ ರಿಪೇರಿ ಪ್ರೋಟೀನ್ ಇದೆ. ಔಷಧ ಅಂಟಿಸಿದ ಗುರುತನ್ನು ಅದು ಅಳಿಸಿಹಾಕುತ್ತದೆ. ಗೆಡ್ಡೆಯಲ್ಲಿ ಈ ರಿಪೇರಿಯ ಸ್ವಿಚ್ ಆಫ್ ಆಗಿದ್ದರೆ ಕ್ಯಾಪ್ಸೂಲ್ ಹೆಚ್ಚು ಕೆಲಸ ಮಾಡುತ್ತದೆ, ಆನ್ ಇದ್ದರೆ ಕಡಿಮೆ. ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆಯ ತುಣುಕಿನಲ್ಲೇ ಇದನ್ನು ಪರೀಕ್ಷಿಸಬಹುದು. "ಎಂಜಿಎಂಟಿ ಟೆಸ್ಟ್ ಆಗಿದೆಯಾ? ಅದರಲ್ಲಿ ಏನು ಬಂದಿದೆ?" ಎಂದು ಮನೆಯವರು ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ. ಹೊಲ ಅಡವಿಡುವ ಮೊದಲು ಕೇಳಲೇಬೇಕಾದ ಪ್ರಶ್ನೆ ಅದು.

ಈಗ ದುಡ್ಡಿನ ಮಾತು. ಅಮೆರಿಕದಲ್ಲಿ ಪೇಟೆಂಟ್ ಜಗಳ ಕೋರ್ಟು ಹತ್ತಿ, 2013ರ ತನಕ ಬೇರೆ ಕಂಪನಿಗಳ ಅಗ್ಗದ ಕ್ಯಾಪ್ಸೂಲ್ ಅಲ್ಲಿ ಬರಲಿಲ್ಲ. ನಮ್ಮಲ್ಲಿ ಕಥೆ ಬೇರೆ. 1970ರ ನಮ್ಮ ಪೇಟೆಂಟ್ ಕಾಯ್ದೆ ಔಷಧ ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು ಕೊಡುತ್ತಿತ್ತು, ಔಷಧಕ್ಕೇ ಕೊಡುತ್ತಿರಲಿಲ್ಲ. 2005ರಲ್ಲಿ ಕಾಯ್ದೆ ಬದಲಾಯಿತು, ಆದರೆ ಟೆಮೊಝೊಲೊಮೈಡ್ ಅದಕ್ಕಿಂತ ಬಹಳ ಹಳೆಯದು. ಹಾಗಾಗಿ ಭಾರತದ ಕಂಪನಿಗಳೇ ಇದನ್ನು ತಯಾರಿಸಿದವು. ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದು ಸೇರಿದೆ. ಆ ಪಟ್ಟಿಯ ಔಷಧಗಳಿಗೆ ಸರ್ಕಾರ ಗರಿಷ್ಠ ಬೆಲೆ ನಿಗದಿ ಮಾಡುತ್ತದೆ. ಹಾಗಿದ್ದರೂ ಒಂದು ಬ್ರ್ಯಾಂಡಿಗೂ ಇನ್ನೊಂದಕ್ಕೂ ಬೆಲೆಯ ವ್ಯತ್ಯಾಸ ಇರಬಹುದು, ಡಾಕ್ಟರನ್ನು ಕೇಳಿ ಖರೀದಿಸಿ.

ಕೀಮೋ ಮನೆಗೆ ಬಂದಾಗ ಅದರ ಜವಾಬ್ದಾರಿಯೂ ಮನೆಗೆ ಬರುತ್ತದೆ. ಮೊದಲ ಹಂತದಲ್ಲಿ ಸುಮಾರು ಆರು ವಾರ ರೇಡಿಯೇಷನ್ ಜೊತೆ ದಿನವೂ ಕಡಿಮೆ ಡೋಸ್, ಆಮೇಲೆ ತಿಂಗಳಿಗೆ ಐದು ದಿನ. ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ, ನೀರಿನ ಜೊತೆ ಇಡಿಯಾಗಿ ನುಂಗಬೇಕು. ಒಡೆಯಬಾರದು, ಅಗಿಯಬಾರದು, ಒಳಗಿನ ಪುಡಿ ಯಾರ ಮೈಗೂ ತಾಗಬಾರದು. ಮಕ್ಕಳ ಕೈಗೆ ಎಟುಕದ ಜಾಗದಲ್ಲಿಡಿ. ಪ್ರತಿ ಸುತ್ತಿಗೂ ಮೊದಲು ರಕ್ತ ಪರೀಕ್ಷೆ ಮಾಡಿಸಲೇಬೇಕು. ಬಸ್ಸು ಹತ್ತಿ ತಾಲ್ಲೂಕಿಗೆ ಹೋಗುವುದು ಕಷ್ಟವೆಂದು ಬಿಡಬೇಡಿ. ಜ್ವರ ಬಂದರೆ, ಒಸಡಿನಲ್ಲೋ ಮೂಗಿನಲ್ಲೋ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ತಿಳಿಸಿ. ಮೈಟೊಝೊಲೊಮೈಡ್ ಪಡೆದ ರೋಗಿಗಳ ಪ್ಲೇಟ್‌ಲೆಟ್ ಕುಸಿದದ್ದನ್ನು ಮರೆಯದೆ ಡಾಕ್ಟರುಗಳು ಇವತ್ತಿಗೂ ಆ ರಕ್ತದ ರಿಪೋರ್ಟ್ ನೋಡಿಯೇ ಮುಂದಿನ ಚೀಟಿ ಬರೆಯುತ್ತಾರೆ.