ಸುಳ್ಳಿನ ಸರಕು ಹೊತ್ತ ಹಡಗು

ಕರಿನೀರಿನ ಶಿಕ್ಷೆಯೆಂಬುದು ಭೀಮಾತೀರದ ನಮ್ಮ ಹಿರಿಯರಿಗೆ ಕೇವಲ ದೂರದ ಸುದ್ದಿಯಾಗಿರಲಿಲ್ಲ. ನೆರೆಯ ಸುರಪುರದ ರಾಜಾ ವೆಂಕಟಪ್ಪ ನಾಯಕರಿಗೆ 1858ರಲ್ಲಿ ಬ್ರಿಟಿಷರು ವಿಧಿಸಿದ ಮರಣದಂಡನೆಯು ಮೊದಲು ಆಜೀವ ಗಡೀಪಾರಿಗೆ, ಅನಂತರ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಸೆರೆಗೆ ಒಯ್ಯುವ ದಾರಿಯಲ್ಲಿಯೇ ಅವರು ಗುಂಡಿಗೆ ಪ್ರಾಣ ತೆತ್ತರು. ಅಂಡಮಾನಿನ ಬಂದೀ ವಸಾಹತು ಆರಂಭವಾದುದೂ ಅದೇ ವರ್ಷ.

ಇಂತಹ ಗಡೀಪಾರಿನ ಕೈದಿಗಳನ್ನು ಸಾಗಿಸಿದ ಹಡಗೆಂದು ಲೋಕಪ್ರಸಿದ್ಧಿ ಪಡೆದುದು ‘ಸಕ್ಸೆಸ್’. ಸೋಜಿಗವೆಂದರೆ, ಅದು ಒಬ್ಬ ಕೈದಿಯನ್ನೂ ಸಮುದ್ರ ದಾಟಿಸಿದ್ದಿಲ್ಲ!

1840ರಲ್ಲಿ ಬರ್ಮಾದ ತೆನಾಸೆರಿಮ್ ಪ್ರಾಂತದಲ್ಲಿ ತೇಗದ ಮರದಿಂದ ಕಟ್ಟಲ್ಪಟ್ಟ ಈ ಹಾಯಿಹಡಗು ವ್ಯಾಪಾರಕ್ಕೆಂದೇ ಹುಟ್ಟಿತು. ಮುಂದೆ ಆಸ್ಟ್ರೇಲಿಯಕ್ಕೆ ವಲಸಿಗರನ್ನು ಒಯ್ದಿತು. 1852ರಲ್ಲಿ ಮೆಲ್ಬರ್ನ್ ತಲುಪಿದಾಗ ಅಲ್ಲಿ ಚಿನ್ನದ ಹುಚ್ಚು. ನಾವಿಕರು ಹಡಗನ್ನು ತೊರೆದು ಗಣಿಗಳತ್ತ ಓಡಿದರು. ಅಪರಾಧಗಳು ಹೆಚ್ಚಿ ಸೆರೆಮನೆಗಳು ಸಾಲದಾದಾಗ ವಿಕ್ಟೋರಿಯಾ ಸರಕಾರವು ಇದನ್ನು ಕೊಂಡು, ಲಂಗರು ಹಾಕಿ, ತೇಲುವ ಸೆರೆಮನೆಯನ್ನಾಗಿ ಮಾಡಿತು. ಅಲ್ಲಿನ ಬಾಳು ನರಕವೇ ಸರಿ. 1857ರ ಮಾರ್ಚ್‌ನಲ್ಲಿ ವಿಲಿಯಮ್ಸ್‌ಟೌನಿನಲ್ಲಿ ದೂರು ಕೇಳಲು ಬಂದ ಬಂದೀಖಾನೆಗಳ ಮುಖ್ಯಾಧಿಕಾರಿ ಜಾನ್ ಪ್ರೈಸನನ್ನು ಈ ತೇಲುಸೆರೆಗಳ ಕೈದಿಗಳು ಹೊಡೆದು ಕೊಂದರು. ಅದಕ್ಕಾಗಿ ಏಳು ಮಂದಿ ನೇಣುಗಂಬವೇರಿದರು.

1890ರಲ್ಲಿ ಹಡಗು ಖಾಸಗಿಯವರ ಕೈಸೇರಿತು. ಅವರು ಅದನ್ನು ಪ್ರದರ್ಶನಕ್ಕಿಟ್ಟರು. ಮೇಣದ ಕೈದಿಗಳು, ಸಂಕೋಲೆಗಳು, ಚಿತ್ರಹಿಂಸೆಯ ಉಪಕರಣಗಳು. ಟಿಕೆಟ್ ಕೊಂಡವರಿಗೆಲ್ಲ ದರ್ಶನ. ಹಡಗು 1790ರಲ್ಲಿಯೇ ನಿರ್ಮಾಣವಾಯಿತೆಂದು ಸಾರಿ, ಅದರ ವಯಸ್ಸಿಗೆ ಐವತ್ತು ವರ್ಷ ಸೇರಿಸಿದರು. 1892ರಲ್ಲಿ ಸಿಡ್ನಿಯಲ್ಲಿ ಮುಳುಗಿದ್ದನ್ನು ಮೇಲೆತ್ತಿ, 1895ರಲ್ಲಿ ಇಂಗ್ಲೆಂಡಿಗೆ, 1912ರಲ್ಲಿ ಅಮೆರಿಕಕ್ಕೆ ಕೊಂಡೊಯ್ದರು.

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದೆಂಬುದನ್ನು ಓದುಗರು ಬಲ್ಲರು. ಸುಳ್ಳು ಬರಹವನ್ನು ಸಾಲದ ಪತ್ರಕ್ಕೆ, ಅಂಗಡಿಯ ಲೆಕ್ಕಕ್ಕೆ ಮಾತ್ರ ಸಂಬಂಧಿಸಿದ್ದೆಂದು ನಾವು ಭಾವಿಸುತ್ತೇವೆ. ಹಡಗಿನ ಮೇಲೆ ಬರೆದ ಇಸವಿಯೂ ಅದೇ ಅಲ್ಲವೆ? ಬಸದಿಯ ಫಲಕದಲ್ಲಿ ಭಕ್ತಿಯ ಭರದಿಂದ ಒಂದೆರಡು ಶತಮಾನ ಹಿಂದಕ್ಕೆ ತಳ್ಳಿದ ಕಾಲವೂ ಅದೇ. (ಇದನ್ನು ಬರೆಯುವಾಗ ನನಗೂ ಸಂಕೋಚವಾಗುತ್ತದೆ, ಅಂತಹ ಫಲಕಗಳನ್ನು ಕಂಡು ಸುಮ್ಮನಿದ್ದವರಲ್ಲಿ ನಾನೂ ಒಬ್ಬ.) ಇದರಿಂದ ನಷ್ಟವಾದದ್ದು ಯಾರಿಗೆ? ಆ ಹಡಗಿನ ಕತ್ತಲೆಯಲ್ಲಿ ನಿಜವಾಗಿ ನರಳಿದವರಿಗೆ. ಅವರ ಕಥೆಗೆ ಕಟ್ಟುಕಥೆಯ ಊರುಗೋಲು ಬೇಕಿರಲಿಲ್ಲ. ಕಟ್ಟುಕಥೆ ಬಯಲಾದ ಮೇಲೆ ನಿಜವನ್ನೂ ಜನ ನಂಬದಾದರು.

1946ರ ಜುಲೈ 4ರಂದು ಅಮೆರಿಕದ ಈರಿ ಸರೋವರದಲ್ಲಿ, ಪೋರ್ಟ್ ಕ್ಲಿಂಟನ್ ಬಳಿ, ಬರ್ಮಾದ ಆ ತೇಗವು ನೀರಂಚಿನವರೆಗೂ ಉರಿದುಹೋಯಿತು.