ಮಾಲಿನ್ಯವೆಂಬ ಮಾತು

ಯಶಸ್ಸನ್ನೂ ನಗೆಯನ್ನೂ ಬೆಳ್ಳಗೆ, ಆಕಾಶವನ್ನೂ ಪಾಪವನ್ನೂ ಕಪ್ಪಗೆ ವರ್ಣಿಸತಕ್ಕದ್ದೆಂಬ ಕವಿಸಮಯವನ್ನು ನಿರೂಪಿಸುವಾಗ ಸಾಹಿತ್ಯದರ್ಪಣದ ವಿಶ್ವನಾಥನು ಆ ಕಪ್ಪಿಗೆ ಪ್ರಯೋಗಿಸಿರುವ ಪದ ‘ಮಾಲಿನ್ಯ’. 14ನೆಯ ಶತಮಾನದ ಆ ಆಲಂಕಾರಿಕನಿಗೆ ಆಕಾಶದ ಮಾಲಿನ್ಯವು ಕವಿಗಳು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದ. ನಮಗೋ ಅದು ಯಂತ್ರವಿಟ್ಟು ಅಳೆದು ಅಂಕಿಗಳಲ್ಲಿ ಪ್ರಕಟಿಸುವ ಸಂಗತಿ.

ಮಲದಿಂದ ಮಲಿನ, ಮಲಿನದಿಂದ ಮಾಲಿನ್ಯ, ವ್ಯುತ್ಪತ್ತಿಯಲ್ಲಿ ತೊಡಕಿಲ್ಲ. ವಸ್ತ್ರ, ಕನ್ನಡಿ, ಅಂತಃಕರಣ ಇವುಗಳಿಗೆ ಅಂಟಿ, ಒಗೆದರೆ, ಒರಸಿದರೆ, ಪಶ್ಚಾತ್ತಾಪಪಟ್ಟರೆ ನೀಗಿಹೋಗುವಂಥದ್ದು ಹಳೆಯ ಮಾಲಿನ್ಯ. ಕದಡಿದ ನೀರಿಗೆಂದು ಅಮರಸಿಂಹನು ಕಲುಷ, ಆವಿಲ ಎಂಬ ಬೇರೆ ಶಬ್ದಗಳನ್ನೇ ಇಟ್ಟಿದ್ದಾನೆ. ಆ ಕಲುಷವನ್ನು ಹಿಡಿದು ತೆಲುಗರು ಕಾಲುಷ್ಯವೆಂದರು, ಹಿಂದಿಯವರು ದೂಷಣವನ್ನು ಹಿಡಿದು ಪ್ರದೂಷಣವೆಂದರು. 1974ರ ಜಲಕಾಯಿದೆಯೂ 1981ರ ವಾಯುಕಾಯಿದೆಯೂ ಕನ್ನಡಕ್ಕಿಳಿದಾಗ ನಿಂತದ್ದು ಮಾಲಿನ್ಯ. 1987ರ ತಿದ್ದುಪಡಿಯು ಗದ್ದಲವನ್ನೂ ವಾಯುವನ್ನು ಕೆಡಿಸುವ ವಸ್ತುಗಳ ಸಾಲಿಗೆ ಸೇರಿಸಿತು. ‘ಶಬ್ದಮಾಲಿನ್ಯ’ವೆಂದರೆ ಶಬ್ದಮಣಿದರ್ಪಣದ ಕೇಶಿರಾಜನು, ಧ್ವನಿವರ್ಧಕದ ಕಡೆಗಲ್ಲ, ನಮ್ಮ ಪತ್ರಿಕೆಗಳ ಕಡೆಗೇ ಬೆರಳು ತೋರಿಸುತ್ತಿದ್ದನೇನೋ!

ನನ್ನ ಆಕ್ಷೇಪವಿರುವುದು ಈ ಪದದ ಅತಿ ಸೌಮ್ಯತೆಯ ಮೇಲೆ. ‘ನದಿಯನ್ನು ಕೆಡಿಸಿದರು’ ಎಂದರೆ, ಯಾರು ಎಂಬ ಪ್ರಶ್ನೆ ಒಡನೆಯೇ ಏಳುತ್ತದೆ. ‘ಮಾಲಿನ್ಯ ಉಂಟಾಗಿದೆ’ ಎಂಬಲ್ಲಿ, ಆಷಾಢದ ಮೋಡದಂತೆ ಅದು ತಾನಾಗಿಯೇ ಕವಿದುಕೊಂಡಿತೋ ಎಂಬ ಭಾವವುಂಟಾಗಿ, ಕೆಡಿಸಿದವನು ವಾಕ್ಯದಿಂದ ನುಣುಚಿಕೊಂಡು ಹೋಗುತ್ತಾನೆ. ವರದಿ ಬರೆಯುವವರಿಗೆ ಇದಕ್ಕಿಂತ ಅನುಕೂಲವಾದ ಪದ ದೊರೆಯಲಾರದು.

ಬಸವನಗುಡಿಯ ದೊಡ್ಡ ಬಸವನ ಪಾದದಡಿಯಲ್ಲಿ ಹುಟ್ಟಿತೆಂದು ಪ್ರತೀತಿಯುಳ್ಳ ವೃಷಭಾವತಿಯು, ಬೆಂಗಳೂರಿನ ಬಚ್ಚಲುಗಳನ್ನೂ ಕಾರ್ಖಾನೆಗಳ ಕೊಳೆಯನ್ನೂ ಹೊತ್ತು ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ಬೀಳುವಾಗ, ಕರಿನೀರಿನ ಮೇಲೆ ಬಿಳಿಯ ನೊರೆ ರಾಶಿಯಾಗಿ ತೇಲುತ್ತದೆ. ಕವಿಸಮಯದ ಎರಡು ಬಣ್ಣಗಳೂ ಅಲ್ಲಿವೆ. ಅಂಥ ನೀರನ್ನು ಗದ್ದೆಗೆ ಹಾಯಿಸುವವನ ಬಾಯಲ್ಲಿ ಮಾಲಿನ್ಯವೆಂಬ ಮಾತು ಬರುವುದು ಅಪರೂಪ. ‘ಮೋರಿ ನೀರು’ ಎನ್ನುತ್ತಾನೆ, ‘ಕೆಮಿಕಲ್ ನೀರು’ ಎನ್ನುತ್ತಾನೆ. ನೀರು ಯಾರ ಮನೆಯಿಂದ, ಯಾರ ಕಾರ್ಖಾನೆಯಿಂದ ಬಂತೆಂಬುದು ಆ ಎರಡು ಮಾತುಗಳಲ್ಲೇ ಅಡಗಿದೆ. ಇನ್ನು ನದಿಯ ಹೆಸರೋ, ಭೂಪಟದಲ್ಲಿ ವೃಷಭಾವತಿಯೆಂದೇ ಉಳಿದಿದ್ದರೂ ಜನರ ಬಾಯಲ್ಲಿ ಎಂದೋ ‘ಕೆಂಗೇರಿ ಮೋರಿ’ಯಾಗಿದೆ.